ನೆಗಡಿ ಬಂತೆಂದು ಮೂಗು ಕೊಯ್ಯಿಸಬೇಕೆ?



ಸಂಘದ ಪತ್ರಿಕೆಯಲ್ಲಿ ಕಂಪ್ಯೂಟರ್ ರಿಪೇರಿಯ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಅಂಥವರು ದಯವಿಟ್ಟು ಕೊನೆಯವರೆಗೆ ಓದಿ, ಆಮೇಲೆ ನಮ್ಮನ್ನು ಬೈಯಬೇಕೆಂದು ವಿನಂತಿ.

ವಡೋದರಾದಲ್ಲಿರುವ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಒಂದು ದಿನ ಲ್ಯಾಪ್‌ಟಾಪಿನ ಧ್ವನಿ ನಿಂತುಹೋಯಿತು. ಮಗ ಯಾವುದೋ 'ಕ್ಲೀನರ್' ತಂತ್ರಾಂಶ ಹಾಕಿ, ಬೇಡದ್ದನ್ನು ತೆಗೆಯುವ ಉತ್ಸಾಹದಲ್ಲಿ ಬೇಕಾದದ್ದನ್ನೂ ತೆಗೆದುಬಿಟ್ಟಿದ್ದ. ಹೋದದ್ದು ಧ್ವನಿಯ ಡ್ರೈವರ್, ಅದೊಂದೇ. ಅಂಗಡಿಗೆ ಒಯ್ದರು. ಅಂಗಡಿಯವರು ಎರಡು ನಿಮಿಷ ನೋಡಿ "ಫಾರ್ಮ್ಯಾಟ್ ಮಾರವುಂ ಪಡಶೇ" ಎಂದರು. ನಮ್ಮವರು "ಕರೀ ನಾಖೋ, ಭಾಯಿ" ಎಂದು ಹೇಳಿ ಆಫೀಸಿಗೆ ಹೋದರು. ಸಂಜೆಯ ಹೊತ್ತಿಗೆ ಲ್ಯಾಪ್‌ಟಾಪಿಗೆ ಧ್ವನಿ ಬಂದಿತ್ತು. ಆದರೆ ಆ ಮನೆಯವರು ಕೇಳಬೇಕಾಗಿದ್ದ ಧ್ವನಿ ಅದರಲ್ಲಿ ಇರಲಿಲ್ಲ. ಎರಡು ಬೇಸಿಗೆ ರಜೆಗಳಲ್ಲಿ ಊರಿಗೆ ಹೋಗಿ, ತಾಯಿಯವರನ್ನು ಜಗುಲಿಯಲ್ಲಿ ಕೂರಿಸಿ ಹಾಡಿಸಿಕೊಂಡಿದ್ದ ಶೋಭಾನೆ ಹಾಡುಗಳೆಲ್ಲ ಅಳಿಸಿಹೋಗಿದ್ದವು. ತಾಯಿಯವರು ಈಗ ಇಲ್ಲ. ಅವರ ಹಾಡಿನ ಬೇರೊಂದು ಪ್ರತಿಯೂ ಇಲ್ಲ.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನ ಗಾದೆಯನ್ನು ನಾವೆಲ್ಲ ಮಕ್ಕಳಿಗೆ ಹೇಳಿಕೊಡುತ್ತೇವೆ. ಅಹಮದಾಬಾದ್, ವಡೋದರಾ, ಸೂರತ್ತುಗಳಲ್ಲಿ ನಮ್ಮವರೇ ಹಣ ಕೊಟ್ಟು ಮೂಗು ಕೊಯ್ಯಿಸಿಕೊಳ್ಳುತ್ತಿರುವುದನ್ನು ನೋಡಿದಾಗ ಸುಮ್ಮನಿರಲು ಮನಸ್ಸು ಒಪ್ಪುವುದಿಲ್ಲ.

ಈ ಡ್ರೈವರ್ ಎಂಬುದು ಏನು? ಕಂಪ್ಯೂಟರಿನ ಒಳಗೆ ಧ್ವನಿ ಹೊರಡಿಸುವ ಒಂದು ಚಿಪ್ ಇರುತ್ತದೆ. ಅದರ ಭಾಷೆ ಬೇರೆ, ವಿಂಡೋಸಿನ ಭಾಷೆ ಬೇರೆ. ಇವೆರಡರ ನಡುವೆ ನಿಂತ ದುಭಾಷಿಯೇ ಡ್ರೈವರ್. ದುಭಾಷಿ ಎದ್ದುಹೋದರೆ ಚಿಪ್ ಕೆಟ್ಟಿತೆಂದೂ ಅಲ್ಲ, ವಿಂಡೋಸ್ ಕೆಟ್ಟಿತೆಂದೂ ಅಲ್ಲ; ಮಾತು ಅತ್ತಿಂದಿತ್ತ ದಾಟುತ್ತಿಲ್ಲ, ಅಷ್ಟೆ. ದುಭಾಷಿಯನ್ನು ಮರಳಿ ಕರೆತಂದರೆ ಕೆಲಸ ಮುಗಿಯಿತು.

ಫಾರ್ಮ್ಯಾಟ್ ಮಾಡಿದಾಗ ನಡೆಯುವುದೇನೆಂಬುದನ್ನೂ ವಿಚಾರಮಾಡಬೇಕು. ಮೊದಲು ಡಿಸ್ಕನ್ನು ಅಳಿಸುತ್ತಾರೆ, ಅನಂತರ ವಿಂಡೋಸ್ ಹಾಕುತ್ತಾರೆ, ಕೊನೆಗೆ ಧ್ವನಿಯ ಡ್ರೈವರ್ ಹಾಕುತ್ತಾರೆ ಅಥವಾ ವಿಂಡೋಸೇ ಅದನ್ನು ಹಾಕಿಕೊಳ್ಳುತ್ತದೆ. ಧ್ವನಿ ಬಂದದ್ದು ಆ ಕೊನೆಯ ಹೆಜ್ಜೆಯಿಂದ. ಮೊದಲಿನೆರಡು ಹೆಜ್ಜೆಗಳಿಂದ ನಮಗೆ ದಕ್ಕಿದ್ದು ನಷ್ಟ ಮಾತ್ರ. ಕೊನೆಯ ಹೆಜ್ಜೆಯನ್ನೇ ಮೊದಲು ಇಡಿ ಎಂದು ಹೇಳುವಷ್ಟು ತಿಳಿವಳಿಕೆ ನಮಗೆ ಇರಬೇಡವೆ?

ಹೀಗೆ ಹೇಳುವುದು ನಾವೊಬ್ಬರೇ ಅಲ್ಲ. 2018ರ ಅಕ್ಟೋಬರಿನಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಇಂಟೆಲ್‌ನ ಒಂದು ಧ್ವನಿ ಡ್ರೈವರ್ ತಪ್ಪಾಗಿ ಹಲವರ ಯಂತ್ರಗಳಿಗೆ ಹೋಗಿ, ಅವುಗಳ ಧ್ವನಿ ನಿಂತಿತ್ತು. ಆಗ ಮೈಕ್ರೋಸಾಫ್ಟ್ ಸಂಸ್ಥೆ ಏನು ಮಾಡಿತು? ಎಲ್ಲರೂ ವಿಂಡೋಸ್ ಅಳಿಸಿ ಮತ್ತೆ ಹಾಕಿಕೊಳ್ಳಿ ಎಂದಿತೆ? ಇಲ್ಲ. ಆ ತಪ್ಪು ಡ್ರೈವರನ್ನಷ್ಟೇ ತೆಗೆದುಹಾಕುವ ಪುಟ್ಟದೊಂದು ಅಪ್‌ಡೇಟ್ ಕಳುಹಿಸಿತು. ವಿಂಡೋಸನ್ನು ಕಟ್ಟಿದವರೇ ದುಭಾಷಿಯನ್ನು ಮಾತ್ರ ಬದಲಿಸಿದರು. ನಮ್ಮ ಬೀದಿಯ ಅಂಗಡಿಗೆ ಮಾತ್ರ ಮನೆಯನ್ನೇ ಕೆಡವಬೇಕೆ?

ಹಾಗಾದರೆ ಮಾಡಬೇಕಾದದ್ದೇನು? ಕತ್ತರಿಸಿಟ್ಟುಕೊಳ್ಳುವಂತೆ ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಪರದೆಯ ಮೂಲೆಯ ಸ್ಪೀಕರ್ ಗುರುತನ್ನು ಒತ್ತಿ, ಧ್ವನಿ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿ. ಅಹಮದಾಬಾದಿನ ಮಣಿನಗರದ ಒಂದು ಮನೆಯಲ್ಲಿ ಡ್ರೈವರ್ ಹೋಗಿಯೇ ಇರಲಿಲ್ಲ. ಹಿಂದಿನ ರಾತ್ರಿ ಸಿನಿಮಾ ನೋಡಲು ಟಿ.ವಿ.ಗೆ ಜೋಡಿಸಿದ್ದ ತಂತಿ ಹಾಗೆಯೇ ಇತ್ತು, ಧ್ವನಿ ಆ ಕಡೆಗೇ ಹರಿಯುತ್ತಿತ್ತು. ಅವರೂ ಫಾರ್ಮ್ಯಾಟಿಗೆ ಹೊರಟು ನಿಂತಿದ್ದರು!

ಎರಡನೆಯದಾಗಿ, ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಅಲ್ಲಿ 'ಸೌಂಡ್, ವಿಡಿಯೋ' ಎಂದು ಆರಂಭವಾಗುವ ಸಾಲಿನಲ್ಲಿ ಧ್ವನಿ ಚಿಪ್ಪಿನ ಹೆಸರಿಲ್ಲದಿದ್ದರೆ, ಅಥವಾ ಹಳದಿ ಗುರುತು ಬಿದ್ದಿದ್ದರೆ, ಮೇಲಿನ 'ಆಕ್ಷನ್' ಪಟ್ಟಿಯಿಂದ 'ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್' ಒತ್ತಿ. ಆಗಲೂ ಬಾರದಿದ್ದರೆ ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಡ್ರೈವರ್ ತೆಗೆಯುವಾಗ ಅದರ ತಂತ್ರಾಂಶವನ್ನೂ ಅಳಿಸು ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ, ಅದರ ಪ್ರತಿ ವಿಂಡೋಸಿನ ಉಗ್ರಾಣದಲ್ಲಿ ಉಳಿದಿರುತ್ತದೆ. ಸಾಮಾನ್ಯವಾಗಿ ತಾನಾಗಿಯೇ ಮರಳುತ್ತದೆ. ಗುರುತು ಹಾಕಿದ್ದರೂ ಗಾಬರಿ ಬೇಡ. ವಿಂಡೋಸಿನ ಬಳಿಯೇ 'ಹೈ ಡೆಫಿನಿಷನ್ ಆಡಿಯೋ ಡಿವೈಸ್' ಎಂಬ ಸಾಮಾನ್ಯ ಡ್ರೈವರ್ ಇದೆ, ಎಷ್ಟೋ ಯಂತ್ರಗಳಿಗೆ ಅದೇ ಸಾಕಾಗುತ್ತದೆ.

ಮೂರನೆಯದಾಗಿ, ಇದಾವುದೂ ಫಲಿಸದಿದ್ದರೆ ವಿಂಡೋಸ್ ಅಪ್‌ಡೇಟಿನ 'ಆಪ್ಷನಲ್ ಅಪ್‌ಡೇಟ್ಸ್' ಭಾಗದಲ್ಲಿ ನೋಡಿ. ಅಲ್ಲಿಯೂ ಸಿಗದಿದ್ದರೆ, ಲ್ಯಾಪ್‌ಟಾಪಿನ ಅಡಿಭಾಗದಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಅದನ್ನು ತಯಾರಿಸಿದ ಕಂಪನಿಯ ತಾಣದಲ್ಲಿ ಹುಡುಕಿ. ಎಚ್‌ಪಿ, ಡೆಲ್, ಲೆನೊವೊ ಮುಂತಾದವರು ಡ್ರೈವರನ್ನು ಅಲ್ಲಿ ಬಿಟ್ಟಿಯಾಗಿಯೇ ಇಟ್ಟಿದ್ದಾರೆ. ಬಿಡಿಭಾಗ ಜೋಡಿಸಿದ ಕಂಪ್ಯೂಟರ್ ಆದರೆ ಮದರ್‌ಬೋರ್ಡಿನ ಕಂಪನಿಯ ತಾಣ ನೋಡಬೇಕು. ಹೆಸರು ಕೇಳರಿಯದ ತಾಣಗಳ 'ಡ್ರೈವರ್ ಅಪ್‌ಡೇಟರ್'ಗಳ ಹತ್ತಿರ ಸುಳಿಯಬೇಡಿ. ಸೂರತ್ತಿನ ಅಡಾಜಣದಲ್ಲಿರುವ ನಮ್ಮ ಸದಸ್ಯೆಯೊಬ್ಬರು, ಎಪ್ಪತ್ತು ದಾಟಿದವರು, ಫೋನಿನಲ್ಲಿ ಮೊಮ್ಮಗಳು ಹೇಳಿದಂತೆ ಮಾಡುತ್ತಾ ಈ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸಿದರು.

ನಾಲ್ಕನೆಯದಾಗಿ, ನಿಮ್ಮ ಯಂತ್ರದಲ್ಲಿ 'ಸಿಸ್ಟಮ್ ರಿಸ್ಟೋರ್' ಚಾಲೂ ಇದ್ದರೆ, ಧ್ವನಿ ಸರಿಯಿದ್ದ ದಿನದ ಸ್ಥಿತಿಗೆ ವಿಂಡೋಸನ್ನು ಹಿಂದಕ್ಕೆ ಒಯ್ಯಬಹುದು. ಆಮೇಲೆ ಹಾಕಿಕೊಂಡ ತಂತ್ರಾಂಶಗಳು ಹೋಗಬಹುದು. ನಿಮ್ಮ ಪತ್ರಗಳು, ಫೋಟೋಗಳು, ಹಾಡುಗಳು ಹಾಗೆಯೇ ಇರುತ್ತವೆ.

ಇಷ್ಟು ಸುಲಭವಿದ್ದರೂ ಅಂಗಡಿಯವರು ಫಾರ್ಮ್ಯಾಟ್ ಎನ್ನುವುದೇಕೆ? ಅವರನ್ನು ಕಳ್ಳರೆಂದು ನಾವು ಕರೆಯುವುದಿಲ್ಲ. ರೋಗ ಯಾವುದೆಂದು ಹುಡುಕುವುದಕ್ಕೆ ತಲೆ ಬೇಕು, ಹೊತ್ತೂ ಬೇಕು. ಫಾರ್ಮ್ಯಾಟಿಗೆ ಹಚ್ಚಿಟ್ಟರೆ ಯಂತ್ರ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಅಷ್ಟರಲ್ಲಿ ಇನ್ನೂ ನಾಲ್ಕು ಗಿರಾಕಿಗಳನ್ನು ನೋಡಬಹುದು, ದರವೂ ನಿಗದಿಯಾದದ್ದು. ಅಂಗಡಿಯವರಿಗೆ ಅದು ಅನುಕೂಲ. ನಮ್ಮ ಮನೆಯ ವಸ್ತುವಿನ ಬೆಲೆ ಅವರಿಗೆ ಗೊತ್ತಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಗೊತ್ತಿರಬೇಕಾದದ್ದು ನಮಗೆ. ತರಕಾರಿ ಮಾರುಕಟ್ಟೆಯಲ್ಲಿ ಐದು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡುವ ನಾವು, ಅಂಗಡಿಯ ಕಟ್ಟೆಯ ಮೇಲೆ ಇಡೀ ಮನೆಯ ನೆನಪನ್ನು ಇಟ್ಟು, ಒಂದು ಪ್ರಶ್ನೆಯನ್ನೂ ಕೇಳದೆ ಬರುತ್ತೇವೆ. ಇದನ್ನು ಸೋಮಾರಿತನವೆನ್ನದೆ ಬೇರೇನೆನ್ನೋಣ?

ನಮ್ಮಂಥ ಹೊರನಾಡ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ನಷ್ಟವಿದೆ. ಇಲ್ಲಿನ ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರು ಬರೆದಿಟ್ಟ ಪತ್ರ, ಹಳೆಯ ಕಾರ್ಯಕ್ರಮಗಳ ನಾಟಕದ ಪ್ರತಿ, ಲೆಕ್ಕಪತ್ರ ಎಲ್ಲವೂ 'ಬರಹ'ದಲ್ಲಿಯೋ, ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿಯೋ ಅಡಗಿವೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಆ ಕಡತಗಳು ತಮ್ಮದೇ ಫಾಂಟ್ ಇಲ್ಲದಿದ್ದರೆ ಕನ್ನಡವಾಗಿ ಕಾಣುವುದಿಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಫಾರ್ಮ್ಯಾಟ್ ಮಾಡಿದಾಗ ಆ ಫಾಂಟುಗಳೂ ಹೋಗುತ್ತವೆ. ಪೆನ್‌ಡ್ರೈವಿನಲ್ಲಿ ಕಡತ ಉಳಿದಿದ್ದರೂ, ಅದನ್ನು ತೆರೆದ ಮಕ್ಕಳು "ಅಪ್ಪಾ, ಇದು ಕೆಟ್ಟುಹೋಗಿದೆ" ಎಂದು ಅಳಿಸಿಬಿಡುತ್ತಾರೆ. ಕಡತ ಕೆಟ್ಟಿರುವುದಿಲ್ಲ. ಧ್ವನಿಗೆ ಡ್ರೈವರ್ ಹೇಗೋ ಆ ಅಕ್ಷರಕ್ಕೆ ಫಾಂಟ್ ಹಾಗೆ. ಅದನ್ನು ಮತ್ತೆ ಹಾಕಿದರೆ ಅಜ್ಜನ ಕಾಗದ ಮತ್ತೆ ಓದಲು ಬರುತ್ತದೆ.

ಫಾರ್ಮ್ಯಾಟ್ ಎಂದೆಂದಿಗೂ ಕೂಡದೆಂಬ ಹಟ ನಮ್ಮದಲ್ಲ. ವೈರಸ್ ಬೇರುಬಿಟ್ಟಿದ್ದರೆ, ಅಥವಾ ವಿಂಡೋಸೇ ಏಳದಂತಾಗಿ ಬೇರೆ ಉಪಾಯಗಳೆಲ್ಲ ಸೋತಿದ್ದರೆ ಅದು ಬೇಕಾಗಬಹುದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹೊಸದಕ್ಕೆ ಹೋಗಬೇಕೆಂಬ ಮಾತಿನಲ್ಲಿಯೂ ಸತ್ಯವಿದೆ. ಆದರೆ ಅದು ಬೇರೆ ಕೆಲಸ. ಅದನ್ನು ಬಿಡುವಿನ ದಿನ, ಎಲ್ಲವನ್ನೂ ಎರಡು ಕಡೆ ಪ್ರತಿ ಮಾಡಿಟ್ಟು, ನಾವೇ ತೀರ್ಮಾನಿಸಿ ಮಾಡಬೇಕು. ಧ್ವನಿ ನಿಂತ ದಿನದ ಗಾಬರಿಯಲ್ಲಿ ಮಾಡುವಂಥದಲ್ಲ. ಡೆಸ್ಕ್‌ಟಾಪಿನ ಮೇಲೆ ಇಟ್ಟದ್ದು ಸುರಕ್ಷಿತವೆಂದು ನಂಬಿದವರು ಬಹಳ. ಅದು ಇರುವುದು ಸಾಮಾನ್ಯವಾಗಿ ಸಿ ಡ್ರೈವಿನಲ್ಲಿ, ಮೊದಲು ಅಳಿಯುವುದೂ ಅದೇ.

ಆದ್ದರಿಂದ ನಮ್ಮ ಕೋರಿಕೆ ಮೂರು. ಒಂದು, ಅಂಗಡಿಗೆ ಹೋದಾಗ "ಬರೇ ಡ್ರೈವರ್ ಹಾಕಿ ನೋಡಿ, ನನ್ನನ್ನು ಕೇಳದೆ ಏನನ್ನೂ ಅಳಿಸಬೇಡಿ" ಎಂದು ಹೇಳಿ, ರಸೀದಿಯ ಮೇಲೆಯೂ ಬರೆಯಿಸಿ. ಎರಡು, ಈ ತಿಂಗಳೊಳಗೆ ಮನೆಯ ಧ್ವನಿಮುದ್ರಣಗಳನ್ನೂ ಹಳೆಯ ಕಡತಗಳನ್ನೂ ಎರಡು ಪ್ರತಿ ಮಾಡಿ, 'ಬರಹ', 'ನುಡಿ'ಗಳ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಮೂರು, ಮೂರೂ ಊರುಗಳಲ್ಲಿ ತಿಂಗಳಿಗೊಂದು ಭಾನುವಾರ ಸಂಘದ ತರುಣ ತರುಣಿಯರು ಎರಡು ತಾಸು ಕುಳಿತು, ಸದಸ್ಯರ ಯಂತ್ರಗಳನ್ನು ನೋಡಿಕೊಡಲಿ. ಎಂಜಿನಿಯರುಗಳಿಗೆ ನಮ್ಮಲ್ಲಿ ಬರವಿಲ್ಲ. ಬರವಿರುವುದು ಭಾನುವಾರದ ಎರಡು ತಾಸಿಗೆ. ಕಾರ್ಯಕಾರಿ ಸಮಿತಿ ಇದನ್ನು ಮುಂದಿನ ಸಭೆಯಲ್ಲಿಯೇ ಎತ್ತಿಕೊಳ್ಳಬೇಕೆಂದು ಒತ್ತಾಯಿಸುತ್ತೇವೆ.

ನಾವು ಗುಜರಾತಿಗೆ ಬಂದೆವು, ಗುಜರಾತಿ ಕಲಿತೆವು. ಅದಕ್ಕಾಗಿ ಕನ್ನಡವನ್ನು ಅಳಿಸಿಕೊಳ್ಳಬೇಕಾಗಿ ಬರಲಿಲ್ಲ. ನಮ್ಮ ಮನೆಯ ಯಂತ್ರಕ್ಕೂ ಅಷ್ಟು ಮರ್ಯಾದೆ ಸಲ್ಲಲಿ. ವಡೋದರಾದ ಆ ಮನೆಯಲ್ಲಿ ಲ್ಯಾಪ್‌ಟಾಪ್ ಇಂದು ಚೆನ್ನಾಗಿಯೇ ಹಾಡುತ್ತಿದೆ. ಹಾಡುತ್ತಿರುವುದು ಆ ತಾಯಿಯಲ್ಲ, ಅಷ್ಟೆ.