ಚಿತ್ರ ಓದಲು ಬಾರದವರ ಜಗಳ

“ಮುಸ್ಲಿಮರಿಗೂ ಚಿತ್ರಕ್ಕೂ ಏನು ಸಂಬಂಧ?” ಈ ಪ್ರಶ್ನೆಯನ್ನು ಎರಡು ಕಡೆಯವರೂ ಕೇಳುತ್ತಾರೆ. ತಸ್ವೀರ್ ಎಂದೊಡನೆ ಮುಖ ತಿರುಗಿಸುವ ನಮ್ಮವರು ಒಂದು ಕಡೆ; ಕನ್ನಡ ನಾಡಿನ ಚಿತ್ರಪರಂಪರೆಯಲ್ಲಿ ನಿಮಗೆ ಪಾಲಿಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮುಂದೆಯೂ ಈ ನೆಲದ ಎರಡು ಸಚಿತ್ರ ಗ್ರಂಥಗಳನ್ನು ಬಿಚ್ಚಿಡಬೇಕಾಗಿದೆ.

ಮೊದಲನೆಯದು ವಿಜಾಪುರದ ‘ನುಜೂಮ್ ಅಲ್ ಉಲೂಮ್’, ಅಂದರೆ ವಿದ್ಯೆಗಳ ನಕ್ಷತ್ರಗಳು. ಒಂದನೇ ಅಲಿ ಆದಿಲ್ ಶಾಹನ ಕಾಲದಲ್ಲಿ, 1570ರ ಸುಮಾರಿಗೆ, ಪಾರ್ಸಿಯಲ್ಲಿ ಸಿದ್ಧವಾದ ಈ ಹಸ್ತಪ್ರತಿ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರಲ್ಲಿ ಗ್ರಹಗಳು ಮನುಷ್ಯರೂಪ ತಾಳಿವೆ. ಒಂದು ಪುಟದಲ್ಲಿ ಏಳು ಅಂತಸ್ತಿನ ಸಿಂಹಾಸನವಿದೆ. ತುದಿಯಲ್ಲಿ ದೊರೆ, ಕೆಳಗೆ ಅವನನ್ನು ಹೊತ್ತ ಜನ, ಪ್ರಾಣಿಗಳು. ಅದು ಕೂರುವ ಪೀಠವಲ್ಲ. ರಾಜ್ಯ ಯಾರ ಹೆಗಲ ಮೇಲೆ ನಿಂತಿದೆ ಎಂದು ಹೇಳುವ ರೂಪಕ.

ಎರಡನೆಯದು ಮೈಸೂರಿನ ‘ಶ್ರೀತತ್ತ್ವನಿಧಿ’. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೂ ವಿದ್ಯೆಯ ರಾಜ್ಯವನ್ನು ಬಿಟ್ಟುಕೊಡದ ಮುಮ್ಮಡಿ ಕೃಷ್ಣರಾಜ ಒಡೆಯರ ಕೃತಿ. ಒಂಬತ್ತು ನಿಧಿಗಳು. ಇದರ ಪ್ರತಿ ನಮ್ಮೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿದೆ. ಇಲ್ಲೂ ಗ್ರಹಗಳಿಗೆ ರೂಪವಿದೆ. ಯಾವ ಬಣ್ಣ, ಯಾವ ವಾಹನ, ಕೈಯಲ್ಲಿ ಏನು ಎಂಬುದನ್ನು ಶ್ಲೋಕ ಹೇಳುತ್ತದೆ, ಚಿತ್ರ ತೋರಿಸುತ್ತದೆ. ಕೊನೆಯ ಕೌತುಕನಿಧಿಯಲ್ಲಿ ಅರಸರು ಗಂಜೀಫಾ ಎಲೆಯಾಟಗಳನ್ನೂ ವಿವರಿಸಿದ್ದಾರೆ. ಗಂಜೀಫಾ ಎಂಬುದು ಪಾರ್ಸಿಯಿಂದ ಬಂದ ಹೆಸರು. ಮೊಗಲರ ಎಲೆಗಳಲ್ಲಿದ್ದ ತಾಜ್, ಶಂಶೇರ್, ಗುಲಾಮರ ಜಾಗಕ್ಕೆ ಇಲ್ಲಿ ದಶಾವತಾರಗಳು ಬಂದವು. ಹೆಸರು ಮಾತ್ರ ಉಳಿಯಿತು. ಯಾರ ಪಾಲು ಎಲ್ಲಿ ಮುಗಿಯಿತು, ಯಾರದು ಎಲ್ಲಿ ಶುರುವಾಯಿತು? ಗೆರೆ ಎಳೆದು ತೋರಿಸಿ ನೋಡೋಣ.

ತಸ್ವೀರಿನ ಬಗ್ಗೆ ಉಲಮಾಗಳ ಎಚ್ಚರಿಕೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಆರಾಧನೆ ಬೇರೆ, ಓದು ಬೇರೆ. ಶ್ರೀತತ್ತ್ವನಿಧಿಯ ದೇವತೆ ಭಕ್ತನಿಗೆ ಪೂಜ್ಯ. ಆ ಭಕ್ತಿಗೆ ನನ್ನ ಗೌರವವಿದೆ. ನನ್ನಂಥ ಓದುಗನಿಗೆ ಅದೇ ಚಿತ್ರ ಅರ್ಥ ಬಿಡಿಸಬೇಕಾದ ಒಂದು ವಾಕ್ಯ. ಅದನ್ನು ಓದಿದರೆ ಈಮಾನು ಕೆಡುವುದಿಲ್ಲ, ನೆರೆಯವನ ಮನಸ್ಸು ತಿಳಿಯುತ್ತದೆ.

ಹದಿನೇಳನೇ ಶತಮಾನದ ಹಾಲೆಂಡಿನಲ್ಲೂ ಸಂಕೇತಚಿತ್ರಗಳ ಪುಸ್ತಕಗಳು ಬಹಳ ಜನಪ್ರಿಯವಾಗಿದ್ದವು. 1614ರಲ್ಲಿ ರೂಮರ್ ವಿಸ್ಕರ್ ಪ್ರಕಟಿಸಿದ ಪುಸ್ತಕದಲ್ಲಿ ಚಿತ್ರದ ಜೊತೆಗೆ ಒಂದು ಸೂಕ್ತಿ, ಒಂದು ವಿವರಣೆ ಇರುತ್ತಿದ್ದವು. ಮೂರೂ ಸೇರಿದರೇ ಅರ್ಥ. ನಾವು ಮಾಡುತ್ತಿರುವುದೇನು? ಮಾತನ್ನು ಕತ್ತರಿಸಿ ಎಸೆದು ಚಿತ್ರವನ್ನಷ್ಟೇ ಕ್ಯಾಲೆಂಡರಿಗೆ, ಫ್ಲೆಕ್ಸಿಗೆ ಅಂಟಿಸುತ್ತಿದ್ದೇವೆ. ಮಾತು ಕಳೆದುಕೊಂಡ ಚಿತ್ರ ಅಲಂಕಾರವಾಗುತ್ತದೆ, ಇಲ್ಲವೇ ಆಯುಧವಾಗುತ್ತದೆ.

ವಿಶ್ವವಿದ್ಯಾನಿಲಯಗಳೂ ಅಕಾಡೆಮಿಗಳೂ ಈ ಎರಡು ಗ್ರಂಥಗಳ ಆಯ್ದ ಪುಟಗಳನ್ನು ಕನ್ನಡ ವಿವರಣೆಯೊಂದಿಗೆ, ಅಕ್ಕಪಕ್ಕದಲ್ಲಿ ಅಚ್ಚುಹಾಕಿ ಶಾಲೆಗಳಿಗೆ ಕೊಡಲಿ. ಮದ್ರಸಾಗಳಿಗೂ ಕೊಡಲಿ, ಮಠಗಳಿಗೂ ಕೊಡಲಿ. ಜಗಳ ಆಡಲೇಬೇಕೆಂದಿದ್ದರೆ ಮಕ್ಕಳು ಓದಿಕೊಂಡಾದರೂ ಆಡಲಿ.