ಭಾವಚಿತ್ರಗಳಿಗೆ ಸುಳ್ಳುಬಣ್ಣ

ಮನೆಯ ಹಳೆಯ ಕಪ್ಪುಬಿಳುಪಿನ ಭಾವಚಿತ್ರಗಳಿಗೆ ಯಂತ್ರದಿಂದ ಬಣ್ಣ ಹಚ್ಚಿಸುವ ಪರಿಪಾಠವು ಈಚೆಗೆ ವಿದ್ಯಾವಂತರಲ್ಲಿ ಬಹಳವಾಗಿ ಹಬ್ಬಿರುವುದು. ಕೈಯಲ್ಲಿನ ಮೊಬೈಲೇ ಈ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡಿಕೊಡುವುದು. ಗತಿಸಿದ ಹಿರಿಯರು ಮರಳಿ ಬಂದಂತಾಯಿತೆಂದು ಮನೆಮಂದಿ ಹಿಗ್ಗುವರು. ಆ ಬಣ್ಣವು ನಿಜವೇ ಎಂಬುದನ್ನು ಮಾತ್ರ ಯಾರೂ ವಿಚಾರಿಸಿದಂತೆ ತೋರುವುದಿಲ್ಲ.

ಯಂತ್ರವು ಬಣ್ಣವನ್ನು ಅರಿಯುವುದಿಲ್ಲ; ಊಹಿಸುವುದು. ಅಸಂಖ್ಯಾತ ವರ್ಣಚಿತ್ರಗಳನ್ನು ಅದಕ್ಕೆ ತೋರಿಸಿ, ಇಂತಹ ವಸ್ತುವಿಗೆ ಸಾಮಾನ್ಯವಾಗಿ ಇಂತಹ ಬಣ್ಣವೆಂದು ಅಭ್ಯಾಸ ಮಾಡಿಸಿರುವರು. ಆದರೆ ಕೆಂಪು, ಹಸಿರು, ನೀಲಿಗಳು ಒಂದೇ ಬೂದುಛಾಯೆಯಾಗಿ ಮೂಡಬಲ್ಲವು. ಹೊಗೆಯಿಂದ ಬೆಂಕಿಯನ್ನು ಅನುಮಾನಿಸಬಹುದು. ಬೆಂಕಿಯಿಲ್ಲದೆ ಹೊಗೆಯಿರದೆಂಬ ವ್ಯಾಪ್ತಿಯು ಅಲ್ಲಿರುವುದು. ಬೂದುಛಾಯೆಗೂ ಬಣ್ಣಕ್ಕೂ ಅಂತಹ ವ್ಯಾಪ್ತಿಯೆಲ್ಲಿ? ತಾರ್ಕಿಕರು ಹೇತ್ವಾಭಾಸವೆಂದು ತಳ್ಳಿಹಾಕುವುದು ಇಂತಹುದನ್ನೇ.

ಅದರ ಮೇಲೆ, ಹಿಂದಿನ ಛಾಯಾಫಲಕಗಳು ನೀಲಿಯನ್ನು ಬೇಗನೆ ಗ್ರಹಿಸುತ್ತಿದ್ದುವು; ಕೆಂಪಿಗೆ ಕುರುಡಾಗಿದ್ದುವು. 1906ರಲ್ಲಿ ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಲಕಗಳು ಮಾರಾಟಕ್ಕೆ ಬಂದರೂ ಹಳೆಯ ಬಗೆಯವು ಬಹುಕಾಲ ಬಳಕೆಯಲ್ಲಿದ್ದುವು. ಆದುದರಿಂದ ಹಣೆಯ ಕುಂಕುಮವು ಕಪ್ಪಾಗಿಯೂ ತಿಳಿನೀಲಿಯು ಬಿಳುಪಾಗಿಯೂ ಮೂಡುತ್ತಿದ್ದಿತು.

ಕನ್ನಡನಾಡಿನ ಎಷ್ಟೋ ಬ್ರಾಹ್ಮಣ ಮನೆಗಳಲ್ಲಿ, ಎಳೆವಯಸ್ಸಿನಲ್ಲಿಯೇ ವಿಧವೆಯಾದ ಸೋದರತ್ತೆಯೊಬ್ಬಳು ಕೇಶವನ್ನು ತೆಗೆಸಿ, ಕೆಂಪು ಸೀರೆಯನ್ನುಟ್ಟು, ಅಡಿಗೆಮನೆಯಲ್ಲಿ ಜನ್ಮವನ್ನು ಸವೆಸಿದಳು. ಮನೆಯವರೆಲ್ಲರ ಚಿತ್ರದ ಮೂಲೆಯಲ್ಲಿ ಆಕೆಯ ಕೆಂಪು ಕಪ್ಪಾಗಿ ನಿಂತಿರುವುದು. ಯಂತ್ರವು ಅದನ್ನು ಕಡುನೀಲಿಯೆಂದು ಬಗೆದರೆ, ನೀಲಿಯ ಸೀರೆ ಅತ್ತೆಗೆ ಎಷ್ಟು ಒಪ್ಪಿತ್ತೆಂದು ಇಂದಿನ ಮಕ್ಕಳು ಮೆಚ್ಚುವರು! ಬದುಕಿದ್ದಾಗ ಸಮಾಜವು ಆಕೆಯ ಬಣ್ಣಗಳನ್ನು ಕಸಿದುಕೊಂಡಿತು. ಈಗ ಆ ಅನ್ಯಾಯದ ಸಾಕ್ಷ್ಯವನ್ನೂ ಮನೆಯವರೇ ಅಳಿಸುವರು.

ಹಿಂದೆ ವರ್ಣಗಾರರು ಕೈಯಿಂದ ಬಣ್ಣ ಹಚ್ಚುತ್ತಿರಲಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. 19ನೆಯ ಶತಮಾನದಿಂದಲೂ ಹಚ್ಚುತ್ತಿದ್ದುದು ದಿಟ. ಆದರೆ ಅವರಿಗೆ ಸೀರೆಯ ಬಣ್ಣವನ್ನು ಉಟ್ಟವರಿಂದಲೇ ಕೇಳಿ ತಿಳಿಯುವ ಅವಕಾಶವಿದ್ದಿತು. ಕುಂಚದ ಗುರುತೂ ಎದ್ದು ಕಾಣುತ್ತಿದ್ದಿತು. ಯಂತ್ರದ ಊಹೆಯಾದರೋ ಪ್ರತ್ಯಕ್ಷದ ವೇಷವನ್ನೇ ಧರಿಸುವುದು.

ಈ ಸ್ವೇಚ್ಛೆಯು ಬಣ್ಣದಲ್ಲಿಯೇ ನಿಲ್ಲುವುದೆಂಬ ಭರವಸೆಯೂ ಇಲ್ಲ. ಕಾಂಬೋಡಿಯಾ ದೇಶದ ತುಓಲ್ ಸ್ಲೆಂಗ್ ಸೆರೆಮನೆಯಲ್ಲಿ ಹಿಂಸೆಗೊಳಗಾಗಿ ಹತರಾದವರ ಭಾವಚಿತ್ರಗಳಿಗೆ ಒಬ್ಬ ಚಿತ್ರಕಾರನು ಬಣ್ಣ ಹಚ್ಚಿ, ಕೆಲವು ಮುಖಗಳಲ್ಲಿ ನಗೆಯನ್ನೂ ಬರಿಸಿದನು. 2021ರಲ್ಲಿ ಅವು ಪ್ರಕಟವಾದಾಗ ಆ ದೇಶದ ಸರಕಾರವು ಪ್ರತಿಭಟಿಸಿತು. ಪ್ರಕಟಿಸಿದವರು ಅವನ್ನು ಹಿಂತೆಗೆದುಕೊಂಡರು.

ಬಣ್ಣದ ಪ್ರತಿಯು ಬೇಕೇಬೇಕೆನ್ನುವವರು ಅದರ ಮೇಲೆ ‘ಊಹೆಯ ಬಣ್ಣ’ವೆಂದು ಬರೆಯಿಸಲಿ, ಮೂಲವನ್ನು ಗೋಡೆಯಿಂದ ಇಳಿಸದಿರಲಿ. ಅದಕ್ಕೂ ಮೊದಲು, ಮನೆಯ ವೃದ್ಧರು ಇರುವಾಗಲೇ ಕೇಳಿ, ಚಿತ್ರದಲ್ಲಿರುವವರ ಹೆಸರನ್ನೂ ಉಟ್ಟ ಸೀರೆಯ ಬಣ್ಣವನ್ನೂ ಹಿಂಬದಿಯಲ್ಲಿ ಸೀಸದಕಡ್ಡಿಯಿಂದ ಮೆಲ್ಲನೆ ಗುರುತಿಸಿಡಲಿ. ಆ ವೃದ್ಧರು ಹೋದ ಮೇಲೆ ಯಾವ ಯಂತ್ರವೂ ಅದನ್ನು ಹೇಳಲಾರದು.