ಇಳಿವಯಸ್ಸಿನ ದೂರಪ್ರಯಾಣ

೧೯೫೧ರ ಬೇಸಿಗೆಯಲ್ಲಿ ಸ್ವೀಡನ್ ದೇಶದ ಉತ್ತರ ಭಾಗದ ಹಾಪರಾಂಡದಿಂದ ದಕ್ಷಿಣ ಭಾಗದ ಈಸ್ಟಾಡ್‌ವರೆಗೆ ೧೭೦೦ ಕಿಲೋಮೀಟರುಗಳಿಗೂ ಮಿಗಿಲಾದ ಸೈಕಲ್ ಸ್ಪರ್ಧೆಯೊಂದು ಏರ್ಪಟ್ಟಿತ್ತು. ಅರವತ್ತೈದು ದಾಟಿದ ಗುಸ್ತಾಫ್ ಹೋಕನ್‌ಸನ್ ಎಂಬ ಹಿರಿಯರು ಹೆಸರು ಕೊಡಬಯಸಿದಾಗ, ವಯಸ್ಸಾಯಿತೆಂದು ವ್ಯವಸ್ಥಾಪಕರು ನಿರಾಕರಿಸಿದರು. ಅವರು ಸೊನ್ನೆಯ ಅಂಕೆಯನ್ನು ಧರಿಸಿ ಸ್ಪರ್ಧಿಗಳ ಹಿಂದೆ ತಾವೇ ಹೊರಟರು. ಆರು ದಿನ ಹದಿನಾಲ್ಕು ತಾಸುಗಳಲ್ಲಿ ಈಸ್ಟಾಡ್ ಸೇರಿದಾಗ ಯುವಕರಿಗಿಂತ ಒಂದು ದಿನ ಮುಂದಿದ್ದರು. ಜನ ಅವರನ್ನು ‘ಉಕ್ಕಿನ ಅಜ್ಜ’ ಎಂದು ಕರೆದರು. ೧೦೧ ವರ್ಷ ಬಾಳಿದ ಜೀವ ಅದು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅವರ ಛಲವನ್ನೇ ಕೊಂಡಾಡುತ್ತಾರೆ. ನಮಗೆ ಹೆಚ್ಚು ಮುಖ್ಯವೆನಿಸುವುದು ಅವರ ಅಭ್ಯಾಸ. ಅವರು ಆ ವರ್ಷ ಹಠಾತ್ತನೆ ಸೈಕಲ್ ಹತ್ತಿದವರಲ್ಲ. ದಶಕಗಳ ಕಾಲ ದೂರದ ಹಾದಿಗಳನ್ನು ತುಳಿದವರು. ವ್ಯವಸ್ಥಾಪಕರು ಹುಟ್ಟಿದ ವರ್ಷವನ್ನು ನೋಡಿದರು, ಇದನ್ನು ನೋಡಲಿಲ್ಲ. (ಯುವಕರು ತಂಗಿದ ರಾತ್ರಿಗಳಲ್ಲಿ ಅವರು ನಿದ್ದೆಗೆಟ್ಟು ತುಳಿದದ್ದನ್ನು ಮಾತ್ರ ಯಾವ ಹಿರಿಯರಿಗೂ ನಾವು ಹೇಳಲಾರೆವು.)

ಫ್ರಾನ್ಸಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸೈಕಲ್ ಪಯಣದ ಕ್ರಮ ಇದಕ್ಕಿಂತ ವಿವೇಕದ್ದು. ೧೨೦೦ ಕಿಲೋಮೀಟರುಗಳನ್ನು ೯೦ ತಾಸುಗಳೊಳಗೆ ಮುಗಿಸಬೇಕಾದ ಆ ಹಾದಿಗೆ ಗರಿಷ್ಠ ವಯೋಮಿತಿಯಿಲ್ಲ. ಆದರೆ ಮೊದಲು ೨೦೦, ೩೦೦, ೪೦೦, ೬೦೦ ಕಿಲೋಮೀಟರುಗಳ ಪಯಣಗಳನ್ನು ನಿಗದಿತ ಕಾಲದಲ್ಲಿ ಪೂರೈಸಿ ತೋರಿಸಬೇಕು. ೨೦೦೭ರಲ್ಲಿ ಮಳೆ ಮತ್ತು ಎದುರುಗಾಳಿಗಳಿಂದಾಗಿ ಸಾವಿರಕ್ಕೂ ಹೆಚ್ಚು ಸವಾರರು ಅರ್ಧಕ್ಕೇ ನಿಲ್ಲಿಸಿದರು. ಹಾಗೆ ನಿಲ್ಲಿಸಿದವರನ್ನು ನಾವು ಸೋತವರೆಂದು ಎಣಿಸುವುದಿಲ್ಲ.

ನಮ್ಮ ಮನೆಗಳಲ್ಲಿಯೂ ಈ ಪ್ರಶ್ನೆ ಪ್ರತಿವರ್ಷ ಏಳುತ್ತದೆ. ಯುಗಾದಿಯ ಮುನ್ನ ಉತ್ತರ ಕರ್ನಾಟಕದ ಭಕ್ತರು ಸುಡುಬಿಸಿಲಿನಲ್ಲಿ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವಾಗ, ಹಿರಿಯರಿಗೆ “ಈ ವಯಸ್ಸಿನಲ್ಲಿ ನಿಮಗೇಕೆ ಬೇಕು?” ಎಂಬ ಮಾತು ಕೇಳಿಬರುತ್ತದೆ. ಮನನೊಂದ ಕೆಲವರು ಹಟದಿಂದ, ಯಾವ ಸಿದ್ಧತೆಯೂ ಇಲ್ಲದೆ ಹೊರಟುಬಿಡುತ್ತಾರೆ. ಎರಡೂ ತಪ್ಪೆಂಬುದು ನಮ್ಮ ಅಭಿಪ್ರಾಯ. ಮಕ್ಕಳು ಕೇಳಬೇಕಾದುದು, “ಮೂರು ತಿಂಗಳಿಂದ ದಿನಕ್ಕೆ ಎಷ್ಟು ನಡೆದಿರಿ? ಎಷ್ಟು ತುಳಿದಿರಿ?” ಎಂದು. ಅಭ್ಯಾಸಕ್ಕೆ ಮುಪ್ಪಿನಲ್ಲಿಯೂ ಫಲವಿದೆ. ಫ್ರಾನ್ಸಿನ ರಾಬೆರ್ ಮಾರ್ಶಾನ್ ಎಂಬ ಶತಾಯುಷಿ ಸೈಕಲ್ ಸವಾರರನ್ನು ಪರೀಕ್ಷಿಸಿದ ವಿಜ್ಞಾನಿಗಳು, ೧೦೧ರಿಂದ ೧೦೩ರ ವಯಸ್ಸಿನ ನಡುವೆ ಅವರ ದೇಹದ ಆಮ್ಲಜನಕ ಬಳಸುವ ಸಾಮರ್ಥ್ಯ ಶೇಕಡಾ ೧೩ರಷ್ಟು ಹೆಚ್ಚಿದ್ದನ್ನು ಕಂಡರು. ಅವರ ಅಭ್ಯಾಸದ ಬಹುಪಾಲು ಹಗುರವಾದ ತುಳಿತವೇ ಆಗಿತ್ತು.

ಆದರೆ ಹವಾಮಾನದ ವಿಷಯದಲ್ಲಿ ಮುಪ್ಪಿನ ದೇಹ ನಮ್ಮನ್ನು ವಂಚಿಸುತ್ತದೆ. ನೀರು ಬೇಕಾದಾಗಲೂ ಬಾಯಾರಿಕೆ ತೋರುವುದಿಲ್ಲ. ಬೆವರು ಕಡಿಮೆಯಾಗಿ ಒಳಗಿನ ಕಾವು ಹೊರಹೋಗುವುದು ತಡವಾಗುತ್ತದೆ. ಸೈಕಲ್ ಮೇಲಂತೂ ಗಾಳಿಗೆ ಬೆವರು ಆರಿಹೋಗುವುದರಿಂದ, ಎಷ್ಟು ನೀರು ಕಳೆದೆವೆಂಬುದೇ ತಿಳಿಯದು. ಮಳೆಯಲ್ಲಿ ಅದೇ ಗಾಳಿ ಒದ್ದೆಬಟ್ಟೆಯ ಮೂಲಕ ಮೈಯ ಬಿಸಿಯನ್ನು ಸೆಳೆಯುತ್ತದೆ. ಆದುದರಿಂದ ಬಾಯಾರಿಕೆಗೆ ಕಾಯದೆ ಆಗಾಗ ಗುಟುಕು ನೀರು ಕುಡಿಯಬೇಕು, ಬಿಸಿಲೇರುವ ಮುನ್ನ ನೆರಳು ಸೇರಬೇಕು, ಒಣಬಟ್ಟೆ ಜೊತೆಗಿರಬೇಕು. ರಕ್ತದೊತ್ತಡಕ್ಕೆ ನುಂಗುವ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸುತ್ತವೆ. ಹೃದಯ, ಮೂತ್ರಪಿಂಡಗಳ ತೊಂದರೆಯುಳ್ಳವರಿಗೆ ನೀರಿನ ಪ್ರಮಾಣವೇ ಬೇರೆ. ಇವೆಲ್ಲವನ್ನೂ ಹೊರಡುವ ಕೆಲವು ವಾರಗಳ ಮೊದಲೇ ವೈದ್ಯರೊಡನೆ ಮಾತನಾಡಿಕೊಳ್ಳಬೇಕು.

ಜೊತೆಯವರು ಒಂದನ್ನು ವಿಶೇಷವಾಗಿ ಗಮನಿಸಬೇಕು. ಬಿಸಿಲಿನಲ್ಲಿ ಸಾಗುತ್ತಿರುವ ಹಿರಿಯರ ಮಾತು ತೊದಲಿದರೆ, ಉತ್ತರ ಅಸಂಬದ್ಧವಾದರೆ ಅದನ್ನು ದಣಿವೆಂದು ಬಗೆದು ಮಲಗಲು ಬಿಡಬಾರದು. ಕೂಡಲೇ ನೆರಳಿಗೆ ಕರೆತಂದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಲೇ ೧೦೮ಕ್ಕೆ ಕರೆ ಮಾಡಬೇಕು.